ಬೀದಿಯಂಚಿನಲ್ಲಿ ಅಂಗವಿಕಲರಿಗೊಂದು ಜಾಗ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವನು ಕನ್ನಡ ನಾಡು, ಕನ್ನಡ ನುಡಿ, ನಮ್ಮ ಕವಿಪರಂಪರೆ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಬಲ್ಲವರು ಈಗಾಗಲೇ ಚೆನ್ನಾಗಿ ಮಾಡಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಲೆಕ್ಕ, ಅಳತೆ, ನಿಯಮ ಇವುಗಳೊಡನೆ ನನ್ನ ದಿನ ಕಳೆಯುತ್ತದೆ. ಆದುದರಿಂದ ಕಾರ್ಯದರ್ಶಿಗಳು ‘ನೀವೂ ಸ್ವಲ್ಪ ಹೊತ್ತು ಮಾತನಾಡಬೇಕು’ ಎಂದಾಗ ಲೆಕ್ಕಕ್ಕೂ ಅಳತೆಗೂ ಒಗ್ಗುವ ವಿಷಯವನ್ನೇ ಆರಿಸಿಕೊಂಡೆ. ನಮ್ಮ ಊರುಗಳ ಬೀದಿಯಂಚಿನಲ್ಲಿ, ಅಂಗವಿಕಲರ ಮನೆಬಾಗಿಲಿಗೆ ಹತ್ತಿರವಾಗಿ, ಅವರ ವಾಹನ ನಿಲ್ಲಿಸಲು ಒಂದು ಜಾಗ ಬೇಕು ಎಂಬುದೇ ಆ ವಿಷಯ. ಹಬ್ಬದ ದಿನ ಇದೆಂಥ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಮಾತು ಮುಗಿಯುವವರೆಗೆ ಸೈರಿಸಿಕೊಳ್ಳಬೇಕೆಂದು ಪ್ರಾರ್ಥನೆ.

೧೯೫೬ರ ನವೆಂಬರ್ ೧ರಂದು, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯದಲ್ಲಿ ಕೂಡಿದರು. ೧೯೭೩ರ ನವೆಂಬರ್ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಗಡಿಯಾಚೆ ಹೊಟ್ಟೆಪಾಡಿಗಾಗಿ ಬಂದು ನೆಲಸಿದ ನಾವು ವರ್ಷಕ್ಕೊಮ್ಮೆ ಈ ಹಬ್ಬ ಮಾಡುವುದು ಆ ಕೂಡುವಿಕೆಯ ನೆನಪಿಗಾಗಿ. ಕೂಡುವುದೇ ಹಬ್ಬದ ತಿರುಳಾದರೆ, ಕೂಡಲಾರದೆ ಮನೆಯಲ್ಲಿಯೇ ಉಳಿದವರು ಯಾರು, ಏಕೆ ಉಳಿದರು ಎಂದು ಕೇಳಿಕೊಳ್ಳುವುದೂ ಹಬ್ಬದ ಕೆಲಸವೇ ಆಗುತ್ತದೆ.

ಹಾಗೆ ಉಳಿದವರಲ್ಲಿ ಒಬ್ಬರ ವಿಚಾರ ಹೇಳುತ್ತೇನೆ. ನನಗೆ ಪರಿಚಿತರಾದ ಈ ಕನ್ನಡಿಗರು ನಮ್ಮ ನಾಲ್ಕು ಊರುಗಳ ಪೈಕಿ ಒಂದರಲ್ಲಿ, ಹಳೆಯ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿದ್ದಾರೆ. ಎಳವೆಯಲ್ಲಿ ಪೋಲಿಯೋ ಬಂದು ಎರಡು ಕಾಲೂ ಸೋತವು. ಊರುಗೋಲು ಹಿಡಿದು ಹತ್ತಿಪ್ಪತ್ತು ಹೆಜ್ಜೆ ಇಡಬಲ್ಲರು. ಅದಕ್ಕಿಂತ ಹೆಚ್ಚಾದರೆ ತೋಳು ನಡುಗುತ್ತದೆ. ಸೈಡ್ ವೀಲ್ ಹಾಕಿಸಿದ ಸ್ಕೂಟರ್ ಇದೆ. ಬೆಳಿಗ್ಗೆ ಅದರಲ್ಲಿ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಆರಕ್ಕೆ ಮರಳುತ್ತಾರೆ. ಆರು ಗಂಟೆಗೆ ಬಂದರೆ ಬಾಗಿಲೆದುರು ಜಾಗ ಸಿಕ್ಕೀತು. ಏಳಕ್ಕೆ ಬಂದರೆ ಬೀದಿಯ ಕೊನೆಗೆ ಹೋಗಬೇಕು. ಅಲ್ಲಿಂದ ಮನೆಗೆ ನೂರೈವತ್ತು ಹೆಜ್ಜೆ; ನಡುವೆ ಚರಂಡಿಯ ಕಲ್ಲು, ಸಾಲುಗಟ್ಟಿದ ಮೋಟಾರ್ ಸೈಕಲ್ಲುಗಳು, ಅಂಗಡಿಯ ಮುಂದಿಟ್ಟ ಪೆಟ್ಟಿಗೆಗಳು. ಹೀಗಾಗಿ ಒಮ್ಮೆ ಗಾಡಿ ನಿಲ್ಲಿಸಿದರೆಂದರೆ ಮರುದಿನ ಬೆಳಗಿನವರೆಗೆ ಅದನ್ನು ಕದಲಿಸುವುದಿಲ್ಲ. ಸಂಘದ ಕಾರ್ಯಕ್ರಮಗಳು ಸಂಜೆ ಏಳಕ್ಕೆ ಮೊದಲಾಗುತ್ತವೆ. ಅವರು ಬರುವುದಿಲ್ಲ.

‘ಇವರಿಗೆ ಜನರೊಡನೆ ಬೆರೆಯುವ ಆಸೆ ಇಲ್ಲವೆಂದು ಎಲ್ಲರೂ ತಿಳಿದಿದ್ದಾರೆ, ಆಸೆ ಬೇಕಾದಷ್ಟಿದೆ, ಇಲ್ಲದ್ದು ಗಾಡಿ ನಿಲ್ಲಿಸುವ ಜಾಗ’ ಎಂದು ಅವರ ಮನೆಯವರು ನನ್ನೊಡನೆ ಹೇಳಿದರು. ನೋಡಿದವರಿಗೆ ಸ್ವಭಾವವೆಂದು ತೋರಿದ್ದು ಬರಿಯ ಜಾಗದ ಅಭಾವವಾಗಿತ್ತು.

ಇನ್ನೊಂದು ತೊಡಕನ್ನೂ ಹೇಳಬೇಕು. ಸಮ ದಿನಾಂಕದಂದು ರಸ್ತೆಯ ಒಂದು ಮಗ್ಗುಲು, ವಿಷಮ ದಿನಾಂಕದಂದು ಇನ್ನೊಂದು ಮಗ್ಗುಲು ವಾಹನ ನಿಲ್ಲಿಸಬೇಕೆಂಬ ಪಿ-೧, ಪಿ-೨ ಫಲಕಗಳನ್ನು ನಮ್ಮ ಊರುಗಳಲ್ಲಿ ನೀವೆಲ್ಲ ಕಂಡಿದ್ದೀರಿ. ಇಕ್ಕಟ್ಟಾದ ರಸ್ತೆಗೆ ಅದು ತಕ್ಕ ಉಪಾಯವೇ. ಆದರೆ ಎರಡು ಕಾಲಿನ ಬಲವುಳ್ಳವನಿಗೆ ರಸ್ತೆ ದಾಟುವುದು ಅರ್ಧ ನಿಮಿಷದ ಕೆಲಸ. ಊರುಗೋಲಿನವನಿಗೆ ಅದು ದಿನ ಬಿಟ್ಟು ದಿನ ಬರುವ ಪರೀಕ್ಷೆ. ತಿಂಗಳಿಗೆ ಹದಿನೈದು ದಿನ ಆತನ ಮನೆ ರಸ್ತೆಯ ಆಚೆ ದಡದಲ್ಲಿರುತ್ತದೆ.

ಇಂಥವರು ಎಲ್ಲೋ ಒಬ್ಬಿಬ್ಬರು ಎನ್ನುವ ಹಾಗಿಲ್ಲ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ ೨ ಕೋಟಿ ೬೮ ಲಕ್ಷ. ಮಹಾರಾಷ್ಟ್ರದಲ್ಲಿ ೨೯ ಲಕ್ಷ ೬೩ ಸಾವಿರ. ಕರ್ನಾಟಕದಲ್ಲಿ ೧೩ ಲಕ್ಷ ೨೪ ಸಾವಿರ. ಮಂಡಿನೋವಿನಿಂದ ನಡೆಯಲಾರದ ನಮ್ಮ ತಾಯಂದಿರೆಲ್ಲ ಈ ಗಣತಿಯಲ್ಲಿ ಸೇರಿದ್ದಾರೆಂದು ನಾನು ಭಾವಿಸುವುದಿಲ್ಲ. ೧೯೭೦, ೮೦ರ ದಶಕಗಳಲ್ಲಿ ಊರು ಬಿಟ್ಟು ಬಂದು ಇಲ್ಲಿ ಮನೆ ಮಾಡಿದ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಈಗ ಕಾಲು ಗಟ್ಟಿಯಾಗಿರುವ ನಾವು ಕೂಡ ಆ ದಾರಿಯಲ್ಲಿಯೇ ಹೋಗುತ್ತಿರುವವರು.

ಅಂಗವಿಕಲರನ್ನು ಗೌರವಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಕರ್ನಾಟಕದಲ್ಲಿ ‘ವಿಕಲಚೇತನ’ ಎನ್ನುತ್ತಾರೆ, ಇಲ್ಲಿ ‘ದಿವ್ಯಾಂಗ’ ಎನ್ನುತ್ತಾರೆ. ಹೆಸರು ದಿನೇ ದಿನೇ ಚೆಂದವಾಗುತ್ತಿದೆ. ಕರ್ನಾಟಕದ ಮಾಲತಿ ಹೊಳ್ಳ ಅವರನ್ನು ನಮ್ಮ ಬ್ಯಾಂಕುಗಳವರು ವಿಶೇಷ ಅಭಿಮಾನದಿಂದ ನೆನೆಯುತ್ತೇವೆ. ಎಳೆಯ ವಯಸ್ಸಿನ ಜ್ವರದಿಂದ ದೇಹದ ಶಕ್ತಿ ಕಳೆದುಕೊಂಡ ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ಗಾಲಿಕುರ್ಚಿಯ ಕ್ರೀಡೆಗಳಲ್ಲಿ ಹೆಸರು ಗಳಿಸಿದರು. ೧೯೯೫ರಲ್ಲಿ ಅರ್ಜುನ ಪ್ರಶಸ್ತಿ, ೨೦೦೧ರಲ್ಲಿ ಪದ್ಮಶ್ರೀ ಪಡೆದರು. ಇಂಥವರಿಗೆ ನಾವು ಹಾರ ಹಾಕುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆದರೆ ಪದಕ ಗೆದ್ದವರಾಗಲಿ ಗೆಲ್ಲದವರಾಗಲಿ, ಗಾಡಿಯಿಂದ ಗಾಲಿಕುರ್ಚಿಗೆ ಇಳಿಯಲು ಮಗ್ಗುಲಲ್ಲಿ ಒಂದು ಮೀಟರ್ ಜಾಗ ಬೇಕು. ಹಾರಕ್ಕಿಂತ ಆ ಒಂದು ಮೀಟರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾದಿರಿಸಿದ ಜಾಗ ಎಂಬ ಕಲ್ಪನೆ ನಮಗೆ ಹೊಸದೇನೂ ಅಲ್ಲ. ನಾವು ದಿನಾಲೂ ಹತ್ತುವ ಲೋಕಲ್ ರೈಲಿನಲ್ಲಿ ಅಂಗವಿಕಲರಿಗೆ ಬೇರೆ ವಿಭಾಗವಿದೆ. ಅದು ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ಬಂದು ನಿಲ್ಲುತ್ತದೆಂದು ದೃಷ್ಟಿಹೀನರಿಗೆ ತಿಳಿಯಲೆಂದು ಅಲ್ಲಿ ‘ಪೀಂ, ಪೀಂ’ ಎಂದು ಸದ್ದು ಮಾಡುವ ಯಂತ್ರ ಇಟ್ಟಿದ್ದಾರೆ. ಬೆಳಗಿನ ನೂಕುನುಗ್ಗಲಿನಲ್ಲಿಯೂ ಆ ಡಬ್ಬಿ ಅವರದು ಎಂದು ಎಲ್ಲರೂ ಬಲ್ಲರು. ನುಗ್ಗಿದವರಿಗೆ ದಂಡವೂ ಇದೆ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಂಥ ಜನಸಂದಣಿಯಲ್ಲಿಯೇ ಒಂದು ಡಬ್ಬಿಯನ್ನು ಕಾದಿರಿಸಲು ಸಾಧ್ಯವಾದರೆ ಸ್ಟೇಶನ್ನಿನ ಹೊರಗಣ ಬೀದಿಯಲ್ಲಿ ಒಂದು ಗಾಡಿಯ ಜಾಗ ಕಾದಿರಿಸುವುದು ಹೇಗೆ ಅಸಾಧ್ಯವಾದೀತು? ರೈಲು ಅವರನ್ನು ಊರಿನವರೆಗೆ ತಂದು ಬಿಡುತ್ತದೆ. ಊರು ಅವರನ್ನು ಮನೆಯವರೆಗೆ ಒಯ್ಯುವುದಿಲ್ಲ.

ಈಗ ಕಾನೂನಿನ ಮಾತು. ೧೯೯೫ರಲ್ಲಿ ಅಂಗವಿಕಲರಿಗಾಗಿ ಒಂದು ಕಾಯಿದೆ ಬಂದು ೧೯೯೬ರ ಫೆಬ್ರುವರಿ ೭ರಿಂದ ಜಾರಿಯಾಯಿತು. ಅದರ ಸ್ಥಾನದಲ್ಲಿ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಬಂದು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಟಿಕೇಟಿನ ಕಿಟಕಿ ಇವೆಲ್ಲ ಅಂಗವಿಕಲರಿಗೆ ಅನುಕೂಲವಾಗಿರಬೇಕು, ರಸ್ತೆಗಳೂ ಅವರ ಸಂಚಾರಕ್ಕೆ ಒಗ್ಗುವಂತಿರಬೇಕು ಎಂದು ಅದರ ೪೧ನೆಯ ಕಲಮು ಹೇಳುತ್ತದೆ. ನಿಯಮ ಪಾಲಿಸದ ನಕ್ಷೆಗೆ ಕಟ್ಟಡದ ಪರವಾನಗಿ ಕೊಡಕೂಡದು ಎಂದು ೪೪ನೆಯ ಕಲಮು ಹೇಳುತ್ತದೆ.

ಹೀಗಿದ್ದೂ ಆ ಕಾಯಿದೆಯ ಕೆಳಗೆ ೨೦೧೭ರಲ್ಲಿ ರಚಿಸಿದ ನಿಯಮಗಳಲ್ಲಿ ಅಳತೆಗಳೆಲ್ಲ ಬರಿಯ ಮಾರ್ಗದರ್ಶನದ ರೂಪದಲ್ಲಿ ಉಳಿದವು. ರಾಜೀವ್ ರತೂರಿ ಎಂಬ ದೃಷ್ಟಿಹೀನ ನಾಗರಿಕರು ೨೦೦೫ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ಈ ಪ್ರಶ್ನೆ ಚರ್ಚೆಗೆ ಬಂತು. ೨೦೨೪ರ ನವೆಂಬರ್ ೮ರಂದು ನ್ಯಾಯಾಲಯ ತೀರ್ಪು ಕೊಟ್ಟು, ಕಾಯಿದೆ ‘ಮಾಡತಕ್ಕದ್ದು’ ಎಂದಿರುವಲ್ಲಿ ನಿಯಮ ‘ಮಾಡಿದರೆ ಒಳ್ಳೆಯದು’ ಎಂದರೆ ಸಾಲದು, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸಬೇಕು ಎಂದು ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡಿತು. ನಾವು ಬ್ಯಾಂಕಿನವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲೆವು. ಸಲಹೆ ಬೇರೆ, ಸುತ್ತೋಲೆ ಬೇರೆ. ಸಲಹೆಯನ್ನು ಓದಿ ಕಡತದಲ್ಲಿಡುತ್ತೇವೆ. ಸುತ್ತೋಲೆಗೆ ಸಹಿ ಹಾಕಿ ಉತ್ತರ ಕೊಡಬೇಕಾಗುತ್ತದೆ.

ಅಳತೆ ಎಂದೆನಲ್ಲ, ಅದೇನೆಂದು ನೋಡೋಣ. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ೨೦೨೦ರಲ್ಲಿ ಬಂದ ಮಹಾರಾಷ್ಟ್ರದ ಏಕೀಕೃತ ಅಭಿವೃದ್ಧಿ ನಿಯಮಾವಳಿಯೂ ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಕಟ್ಟಡದ ಪ್ರವೇಶದ್ವಾರದಿಂದ ೩೦ ಮೀಟರಿನೊಳಗೆ ಅಂಗವಿಕಲರಿಗಾಗಿ ಎರಡು ಕಾರಿನ ಜಾಗವಿರಬೇಕು. ಒಂದೊಂದರ ಅಗಲ ೩.೬ ಮೀಟರಿಗೆ ಕಡಮೆಯಾಗಬಾರದು. ಸಾಮಾನ್ಯ ಕಾರಿನ ಜಾಗ ೨.೫ ಮೀಟರ್ ಅಗಲ. ಹೆಚ್ಚಿನ ಒಂದು ಮೀಟರ್ ಚಿಲ್ಲರೆ ಜಾಗ ಬಾಗಿಲನ್ನು ಪೂರ್ತಿ ತೆರೆದು ಗಾಲಿಕುರ್ಚಿಯನ್ನು ಮಗ್ಗುಲಿಗೆ ತರುವುದಕ್ಕೆ. ಮೂವತ್ತು ಮೀಟರ್ ಎಂಬುದು ಊರುಗೋಲಿನವನು ನಿಲ್ಲದೆ ನಡೆದು ಮುಟ್ಟಬಹುದಾದ ದೂರ. ಪ್ರತಿಯೊಂದು ಅಂಕಿಯ ಹಿಂದೆ ಒಬ್ಬ ಮನುಷ್ಯನ ತೋಳಿನ ಉದ್ದವೂ ಉಸಿರಿನ ಲೆಕ್ಕವೂ ಇದೆ.

ಆದರೆ ಇಲ್ಲಿಯೇ ನಮ್ಮ ಊರುಗಳ ತೊಡಕು ಕಾಣಿಸಿಕೊಳ್ಳುತ್ತದೆ. ಈ ನಿಯಮ ಕಟ್ಟಡದ ಆವರಣದೊಳಗಿನದು. ಹೊಸದಾಗಿ ಎದ್ದ ದೊಡ್ಡ ದೊಡ್ಡ ಗೃಹಸಂಕುಲಗಳಲ್ಲಿ ಆವರಣವಿದೆ, ನೆಲದಡಿ ಗಾಡಿಗಳಿಗೆ ಜಾಗವಿದೆ. ನಮ್ಮವರು ಬಹುಮಂದಿ ವಾಸಿಸುವ ಹಳೆಯ ಭಾಗಗಳಲ್ಲಿ ಆವರಣವೆಲ್ಲಿದೆ? ೧೮೫೩ರ ಏಪ್ರಿಲ್ ೧೬ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. ಅಂದಿನಿಂದ ಠಾಣೆ, ಕಲ್ಯಾಣ, ಡೊಂಬಿವಲಿಗಳು ಸ್ಟೇಶನ್ನನ್ನು ಸುತ್ತಿಕೊಂಡು ಬೆಳೆದ ಊರುಗಳು. ನೌಪಾಡದ ಒಳರಸ್ತೆಗಳಲ್ಲಿ, ಡೊಂಬಿವಲಿಯ ಫಡ್ಕೆ ರಸ್ತೆಯ ಅಕ್ಕಪಕ್ಕದಲ್ಲಿ, ಕಲ್ಯಾಣದ ಹಳೆಯ ಪೇಟೆಯಲ್ಲಿ ಕಟ್ಟಡದ ಮೆಟ್ಟಿಲು ಇಳಿದರೆ ರಸ್ತೆ. ನವಿ ಮುಂಬಯಿಯ ಕಥೆ ತುಸು ಬೇರೆ. ೧೯೭೦ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನಕ್ಷೆ ಹಾಕಿ ಕಟ್ಟಿದ ಊರು ಅದು. ವಾಶಿಯಂಥ ಸ್ಟೇಶನ್ನುಗಳ ಮುಂದೆ ವಿಶಾಲವಾದ ಬಯಲಿದೆ. ಆದರೆ ಕಡಮೆ ಆದಾಯದವರಿಗೆಂದು ಸಿಡ್ಕೊ ಕಟ್ಟಿದ ಹಳೆಯ ಮನೆಗಳ ಸಾಲಿನಲ್ಲಿ, ಇಲ್ಲಿಯ ಜನ ಕಾರು ಕೊಂಡಾರೆಂದು ಯಾರೂ ಎಣಿಸಿರಲಿಲ್ಲ. ಇಂದು ಆ ಒಳರಸ್ತೆಗಳೂ ತುಂಬಿಹೋಗಿವೆ.

ಹೀಗೆ ಕಾಯಿದೆಯು ಕಟ್ಟಡದೊಳಗೆ ಕೊಟ್ಟ ಅನುಕೂಲ, ಆವರಣವಿಲ್ಲದ ಕಟ್ಟಡದವನ ಪಾಲಿಗೆ ಇಲ್ಲವೇ ಇಲ್ಲ. ಬೀದಿಯೇ ಅವನ ಆವರಣ. ನಾನು ಇಂದು ಹೇಳಬಂದ ಮುಖ್ಯವಾದ ಮಾತು ಇದೊಂದೇ: ಹಕ್ಕು ಬಾಗಿಲವರೆಗೆ ಬಂದು ನಿಂತಿದೆ, ಅದು ಬೀದಿಗೂ ಇಳಿದು ಬರಬೇಕು.

ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಂಕಿನ ಶಾಖೆಗಳಿಗೂ ಎ.ಟಿ.ಎಂ.ಗಳಿಗೂ ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿ ಮಾಡಬೇಕೆಂದು ರಿಸರ್ವ್ ಬ್ಯಾಂಕು ೨೦೦೯ರಲ್ಲಿಯೇ ತಿಳಿಸಿತು. ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಮನೆಬಾಗಿಲಿಗೆ ಬ್ಯಾಂಕಿನ ಸೇವೆ ಒದಗಿಸಬೇಕೆಂದು ೨೦೧೭ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಒಳ್ಳೆಯ ಕೆಲಸ. ಆದರೆ ಇಳಿಜಾರಿನ ತುದಿಗೆ ತಾಗಿಕೊಂಡು ಆರು ಮೋಟಾರ್ ಸೈಕಲ್ಲುಗಳು ನಿಂತಿದ್ದರೆ ಆ ಇಳಿಜಾರು ಯಾರಿಗೆ? ಗಿರಾಕಿಯೊಬ್ಬರು ರಸ್ತೆಯ ನಡುವೆ ಸ್ಕೂಟರಿನ ಮೇಲೆಯೇ ಕುಳಿತು, ಕಾವಲುಗಾರನ ಕೈಯಲ್ಲಿ ಪಾಸ್‌ಬುಕ್ಕು ಒಳಗೆ ಕಳಿಸಿ, ಬಿಸಿಲಲ್ಲಿ ಕಾಯುವುದನ್ನು ನಾನು ಕೌಂಟರಿನಿಂದ ಕಂಡಿದ್ದೇನೆ. ಅವರ ಠೇವಣಿಗೆ ಉಳಿದವರಷ್ಟೇ ಬಡ್ಡಿ. ಅವರಿಗೆ ಮಾತ್ರ ಬ್ಯಾಂಕಿನ ಒಳಗಿನ ನೆರಳಿಲ್ಲ.

ಹೊರದೇಶಗಳಲ್ಲಿ ಏನು ಮಾಡಿದ್ದಾರೆಂಬುದನ್ನೂ ತಿಳಿಯುವುದು ಒಳ್ಳೆಯದು. ಗಾಲಿಕುರ್ಚಿಯ ಆ ನೀಲಿ ಬಿಳಿ ಚಿಹ್ನೆ ನಮಗೆಲ್ಲ ಪರಿಚಿತ. ೧೯೬೮ರಲ್ಲಿ ಅದನ್ನು ಬರೆದವಳು ಸುಸಾನ್ನೆ ಕೂಫೂಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ. ಬ್ರಿಟನ್ನಿನಲ್ಲಿ ೧೯೭೦ರ ಕಾಯಿದೆಯ ಪ್ರಕಾರ ೧೯೭೧ರಿಂದ ಅಂಗವಿಕಲರಿಗೆ ಕಿತ್ತಳೆ ಬಣ್ಣದ ಬಿಲ್ಲೆ ಕೊಡತೊಡಗಿದರು. ೨೦೦೦ದಲ್ಲಿ ಅದು ನೀಲಿಯಾಯಿತು. ಈ ಬಿಲ್ಲೆ ಗಾಡಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಆತ ಮಗನ ಕಾರಿನಲ್ಲಿ ಬರಲಿ, ಬಾಡಿಗೆಯ ಗಾಡಿಯಲ್ಲಿ ಬರಲಿ, ಬಿಲ್ಲೆ ಜೊತೆಗೆ ಬರುತ್ತದೆ. ಮನೆಯ ಬಳಿ ಜಾಗವಿಲ್ಲದವನು ಅರ್ಜಿ ಹಾಕಿದರೆ ಅಲ್ಲಿಯ ಸ್ಥಳೀಯ ಸಂಸ್ಥೆ ವಿಚಾರಿಸಿ ಬೀದಿಯಲ್ಲಿ ಗೆರೆ ಬರೆದು ಕೊಡಬಹುದು. ಆದರೆ ಅದು ಅವನ ಸ್ವಂತದ್ದಾಗುವುದಿಲ್ಲ. ಬಿಲ್ಲೆಯುಳ್ಳ ಬೇರೆ ಯಾರಾದರೂ ಅಲ್ಲಿ ನಿಲ್ಲಿಸಬಹುದು. ಜರ್ಮನಿ, ಇಟಲಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀರ ನಡೆಯಲಾರದವನ ಮನೆಯ ಬಳಿ ಆತನ ಪರವಾನಗಿಯ ಸಂಖ್ಯೆಯನ್ನೇ ಫಲಕದ ಮೇಲೆ ಬರೆಯುವ ಏರ್ಪಾಡಿದೆ.

ನಮ್ಮಲ್ಲಿ ಇರುವುದೇನು? ಯು.ಡಿ.ಐ.ಡಿ. ಎಂಬ ಗುರುತಿನ ಕಾರ್ಡಿದೆ. ವೈಕಲ್ಯದ ಪ್ರಮಾಣ ಅದರಲ್ಲಿ ನಮೂದಾಗಿರುತ್ತದೆ. ಆದರೆ ಅದು ಜೇಬಿನಲ್ಲಿರುವ ಚೀಟಿ. ಮಾಲೀಕ ಗಾಡಿ ನಿಲ್ಲಿಸಿ ಹೋದ ಮೇಲೆ ಟ್ರಾಫಿಕ್ ಪೊಲೀಸಿನವನ ಕಣ್ಣಿಗೆ ಅದು ಬೀಳುವುದೆಂತು? ೨೦೨೦ರ ಅಕ್ಟೋಬರಿನ ತಿದ್ದುಪಡಿಯಿಂದ ವಾಹನದ ನೋಂದಣಿಯಲ್ಲಿ ಮಾಲೀಕತ್ವದ ಬಗೆಗಳಲ್ಲಿ ‘ದಿವ್ಯಾಂಗಜನ’ ಎಂಬುದೂ ಸೇರಿತು. ಅದೂ ಗಾಡಿಗೆ ಅಂಟಿದ್ದು. ಮಗನ ಗಾಡಿಯಲ್ಲಿ ಬರುವ ಮುದುಕಿಗೆ, ರಿಕ್ಷಾದಲ್ಲಿ ಶಾಲೆಗೆ ಹೋಗುವ ಮಗುವಿಗೆ ಅದರಿಂದ ಲಾಭವಿಲ್ಲ. ಗಾಜಿನ ಹಿಂದೆ ಇಡಬಹುದಾದ, ವ್ಯಕ್ತಿಯೊಡನೆ ಹೋಗುವ ಒಂದು ಬಿಲ್ಲೆ ಬೇಕು.

ನಮ್ಮ ಊರಿಗೆ ತಕ್ಕಂತೆ ಅಳತೆಯನ್ನೂ ತಿದ್ದಿಕೊಳ್ಳಬೇಕು. ವಿಲಾಯತಿಯ ಅಂಗವಿಕಲ ಕಾರಿನಲ್ಲಿ ಬರುತ್ತಾನೆ. ನಮ್ಮವರಲ್ಲಿ ಹೆಚ್ಚಿನವರು ಬರುವುದು ಸೈಡ್ ವೀಲ್ ಸ್ಕೂಟರಿನಲ್ಲಿ, ಇಲ್ಲವೆ ರಿಕ್ಷಾದಲ್ಲಿ. ನಿಯಮಾವಳಿಯಲ್ಲಿ ಸ್ಕೂಟರಿನ ಜಾಗ ೧ ಮೀಟರ್ ಅಗಲ, ೨ ಮೀಟರ್ ಉದ್ದ. ಸೈಡ್ ವೀಲ್ ಗಾಡಿ ಅದರಲ್ಲಿ ಹಿಡಿದರೂ ಇಳಿಯುವವನಿಗೆ ಎಡೆ ಉಳಿಯುವುದಿಲ್ಲ. ಇಂಥ ಗಾಡಿಯನ್ನು ಓರೆ ಮಾಡಿ ಸಂದಿಯಲ್ಲಿ ತೂರಿಸುವ ಹಾಗೂ ಇಲ್ಲ, ಎತ್ತಿ ಸರಿಸುವ ಹಾಗೂ ಇಲ್ಲ. ಒಂದು ಕಾರಿನ ಜಾಗವನ್ನು ಇಂಥ ಎರಡು ಸ್ಕೂಟರುಗಳಿಗೆ ಹಂಚಿಕೊಟ್ಟರೆ ಇಬ್ಬರ ಬಾಳು ಸುಗಮವಾಗುತ್ತದೆ. ಆ ಜಾಗದಲ್ಲಿ ಅಂಗವಿಕಲರನ್ನು ಇಳಿಸಲು ರಿಕ್ಷಾ ಐದು ನಿಮಿಷ ನಿಲ್ಲುವುದಕ್ಕೂ ಅವಕಾಶ ಬೇಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ‘ಇದ್ದವರಿಗೇ ಜಾಗವಿಲ್ಲ, ಇನ್ನು ಕಾದಿರಿಸುವುದೆಲ್ಲಿಂದ?’ ಎಂಬುದು. ಜಾಗ ಸಾಲದಿರುವುದರಿಂದಲೇ ಕಾದಿರಿಸಬೇಕಾಗಿದೆ. ಬೇಕಾದಷ್ಟಿದ್ದರೆ ಕಾದಿರಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಎರಡನೆಯದು, ‘ಹಗಲೆಲ್ಲ ಜಾಗ ಬರಿದೆ ಬಿದ್ದಿರುತ್ತದೆ, ನಷ್ಟವಲ್ಲವೆ?’ ಎಂಬುದು. ಪ್ರತಿ ಬ್ಯಾಂಕೂ ತನ್ನ ಠೇವಣಿಯ ಒಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಸುಮ್ಮನೆ ಇಟ್ಟಿರಬೇಕು. ಅದನ್ನು ಸಾಲ ಕೊಡುವ ಹಾಗಿಲ್ಲ. ಅದನ್ನು ಯಾರೂ ನಷ್ಟವೆನ್ನುವುದಿಲ್ಲ. ಅದು ಇರುವುದರಿಂದಲೇ ಜನ ನಂಬಿ ಹಣ ಇಡುತ್ತಾರೆ. ಬೀದಿಯ ಆ ಬರಿದಾದ ಜಾಗವೂ ಅಂಥದೇ. ‘ಹೊರಗೆ ಹೋಗಿ ಬಂದರೂ ನನಗೆ ನಿಲ್ಲಲು ಎಡೆಯಿದೆ’ ಎಂಬ ನಂಬಿಕೆಯಿದ್ದರೆ ಮಾತ್ರ ನಡೆಯಲಾರದವನು ಹೊರಗೆ ಹೊರಡುತ್ತಾನೆ. ಮೂರನೆಯದು, ‘ಸುಳ್ಳು ಪತ್ರ ತಂದು ಲಾಭ ಪಡೆದರೆ?’ ಎಂಬುದು. ಸುಳ್ಳು ಸಹಿ ಹಾಕುವವರಿದ್ದಾರೆಂದು ನಾವು ಚೆಕ್ಕಿನ ಪದ್ಧತಿಯನ್ನೇ ನಿಲ್ಲಿಸಲಿಲ್ಲ. ಸಹಿಯನ್ನು ತಾಳೆ ನೋಡುವುದನ್ನು ಕಲಿತೆವು.

ಹಾಗಾದರೆ ಕೇಳುವುದು ಯಾರನ್ನು? ನಮ್ಮ ಪ್ರದೇಶದಲ್ಲಿ ಮೂರು ಮಹಾನಗರಪಾಲಿಕೆಗಳಿವೆ: ೧೯೮೨ರಲ್ಲಿ ಆದ ಠಾಣೆಯದು, ೧೯೮೩ರಲ್ಲಿ ಆದ ಕಲ್ಯಾಣ-ಡೊಂಬಿವಲಿಯದು, ೧೯೯೨ರ ಜನವರಿ ೧ರಿಂದ ಕೆಲಸಕ್ಕೆ ತೊಡಗಿದ ನವಿ ಮುಂಬಯಿಯದು. ಪೊಲೀಸ್ ಆಯುಕ್ತಾಲಯಗಳು ಎರಡು: ಠಾಣೆಯದರಲ್ಲಿ ಕಲ್ಯಾಣ, ಡೊಂಬಿವಲಿಗಳೂ ಸೇರಿವೆ, ನವಿ ಮುಂಬಯಿಯದು ಬೇರೆ. ಯಾವ ರಸ್ತೆಯಲ್ಲಿ ಯಾವ ಗಾಡಿ ನಿಲ್ಲಬೇಕೆಂದು ಅಧಿಸೂಚನೆ ಹೊರಡಿಸುವುದು ಸಂಚಾರ ಪೊಲೀಸರ ಕೆಲಸ; ಗೆರೆ ಬರೆದು ಫಲಕ ನೆಡುವುದು ಪಾಲಿಕೆಯ ಕೆಲಸ. ನಾನು ಮೊದಲು ಹೇಳಿದ ಪರಿಚಿತರು ಒಂದು ಕಚೇರಿಗೆ ಅರ್ಜಿ ಕೊಟ್ಟರು. ಅಲ್ಲಿ ‘ಇದು ನಮ್ಮದಲ್ಲ, ಆ ಕಚೇರಿಗೆ ಹೋಗಿ’ ಎಂದರು. ಆ ಕಚೇರಿಯಲ್ಲಿ ಮತ್ತೆ ಮೊದಲಿನ ಕಚೇರಿಯನ್ನು ತೋರಿಸಿದರು. ನಡೆಯಲಾರದವನನ್ನು ನಡೆಸಿದಷ್ಟೇ ಬಂತು. ಆದುದರಿಂದ ಅರ್ಜಿ ಒಂದೇ ಆಗಿ ಎರಡೂ ಕಡೆಗೆ ಏಕಕಾಲಕ್ಕೆ ಹೋಗಬೇಕು, ಎರಡೂ ಕಡೆ ಸ್ವೀಕೃತಿಯ ಮುದ್ರೆ ಬೀಳಬೇಕು. ಮತ್ತು ಅದನ್ನು ಒಯ್ಯುವವನು ಒಬ್ಬ ಅಂಗವಿಕಲನಾಗದೆ ಒಂದು ಸಂಘವಾಗಬೇಕು.

ಅರ್ಜಿಯಲ್ಲಿ ಕೇಳತಕ್ಕವು ನಾಲ್ಕು ವಿಷಯಗಳು. ಒಂದು, ಆವರಣವಿಲ್ಲದ ಕಟ್ಟಡದಲ್ಲಿ ವಾಸಿಸುವ ಅಂಗವಿಕಲರು ಕೋರಿದರೆ ಬಾಗಿಲಿನಿಂದ ೩೦ ಮೀಟರಿನೊಳಗೆ ಬೀದಿಯಲ್ಲಿ ಒಂದು ಜಾಗ. ಎರಡು, ಆ ಜಾಗಕ್ಕೆ ಸಮ-ವಿಷಮ ದಿನಾಂಕದ ನಿಯಮದಿಂದ ವಿನಾಯತಿ. ಮೂರು, ವ್ಯಕ್ತಿಯೊಡನೆ ಹೋಗುವ ಬಿಲ್ಲೆ. ನಾಲ್ಕು, ಆ ಜಾಗದ ಮಗ್ಗುಲಲ್ಲಿ ಕಾಲುದಾರಿಯ ಅಂಚನ್ನು ಇಳಿಜಾರಾಗಿ ಕಡಿದು ಕೊಡುವುದು. ಇಲ್ಲವಾದರೆ ಗಾಡಿಯಿಂದ ಇಳಿದವನು ಮೇಲೇರಲಾರದೆ ರಸ್ತೆಯಲ್ಲಿಯೇ ಉಳಿಯುತ್ತಾನೆ. ಇದಕ್ಕೆ ಹಣವೆಲ್ಲಿ ಎಂದು ಯಾರೂ ಕೇಳಬೇಕಾಗಿಲ್ಲ. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದ ಶೇಕಡಾ ೫ರಷ್ಟನ್ನು ಅಂಗವಿಕಲರ ಹಿತಕ್ಕಾಗಿ ವೆಚ್ಚ ಮಾಡಬೇಕೆಂಬ ಸರ್ಕಾರದ ಆಜ್ಞೆಯಿದೆ. ಒಂದು ಫಲಕ, ಒಂದು ಡಬ್ಬಿ ಬಣ್ಣ, ನಾಲ್ಕು ಬುಟ್ಟಿ ಗಾರೆಗೆ ಅದರಲ್ಲಿ ಎಷ್ಟು ತಗುಲೀತೆಂದು ಯಾವ ಗುಮಾಸ್ತನಾದರೂ ಲೆಕ್ಕ ಹಾಕಬಲ್ಲ.

ಸರ್ಕಾರವನ್ನು ಕೇಳಿದ ಮೇಲೆ ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಮ್ಮಲ್ಲನೇಕರು ಹೌಸಿಂಗ್ ಸೊಸೈಟಿಗಳ ಸದಸ್ಯರು; ಕೆಲವರು ಕಾರ್ಯದರ್ಶಿಗಳೂ ಆಗಿದ್ದೀರಿ. ಕಟ್ಟಡದ ಕೆಳಗಿನ ಕಂಬಗಳ ನಡುವಿನ ಜಾಗ ಎಲ್ಲರಿಗೂ ಸೇರಿದ್ದು, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವ ಹಾಗಿಲ್ಲ ಎಂದು ಮುಂಬಯಿಯ ಒಂದು ಸೊಸೈಟಿಯ ದಾವೆಯಲ್ಲಿ ಸುಪ್ರೀಂ ಕೋರ್ಟು ೨೦೧೦ರ ಆಗಸ್ಟ್ ೩೧ರಂದು ತೀರ್ಪಿತ್ತಿದೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಲಿಫ್ಟಿಗೆ ಹತ್ತಿರದ ಒಂದನ್ನು ಅಂಗವಿಕಲ ಸದಸ್ಯನಿಗೆ ಕೊಡೋಣವೆಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಗೊತ್ತುವಳಿ ತಂದರೆ ಯಾರು ಬೇಡವೆಂದಾರು? ಹೋಟೆಲು ನಡೆಸುವ ನಮ್ಮ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಬೀದಿ ನಿಮ್ಮದಲ್ಲ, ನಿಜ. ಆದರೆ ಮೆಟ್ಟಿಲ ಮುಂದಿನ ಜಾಹೀರಾತಿನ ಹಲಗೆ, ಬರಿಯ ಗ್ಯಾಸ್ ಸಿಲಿಂಡರು, ಸಾಮಾನಿನ ಟೆಂಪೊ ನಿಮ್ಮವು. ಅವುಗಳನ್ನು ಸರಿಸಲು ಯಾವ ಅಧಿಸೂಚನೆಯೂ ಬೇಡ.

ಕೊನೆಯದಾಗಿ ಸಂಘದ ಕಡೆಗೆ ಬರುತ್ತೇನೆ. ನಮ್ಮಲ್ಲಿ ಸದಸ್ಯರ ಪಟ್ಟಿಯಿದೆ. ವಿಳಾಸವಿದೆ, ವರ್ಗಣಿಯ ಲೆಕ್ಕವಿದೆ. ಯಾರು ಕಾರ್ಯಕ್ರಮಗಳಿಗೆ ಬರುವುದನ್ನು ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂಬ ಲೆಕ್ಕ ಮಾತ್ರ ಇಲ್ಲ. ಈ ವರ್ಷ ಯುವಕ ವಿಭಾಗದವರು ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ. ನಡೆಯಲಾರದವರು ಯಾರಿದ್ದಾರೆ, ಅವರ ಬಾಗಿಲಿಗೂ ಗಾಡಿ ನಿಲ್ಲುವ ಜಾಗಕ್ಕೂ ಎಷ್ಟು ದೂರ ಎಂದು ಟೇಪಿನಿಂದ ಅಳೆದು ಬರೆದುಕೊಂಡು ಬರಲಿ. ಆ ಅಳತೆಯನ್ನು ಅರ್ಜಿಗೆ ಲಗತ್ತಿಸೋಣ. ಡಿಸೆಂಬರ್ ೩ ವಿಶ್ವ ಅಂಗವಿಕಲರ ದಿನ. ಇಂದಿಗೆ ಸರಿಯಾಗಿ ಒಂದು ತಿಂಗಳ ಮೇಲೆ ಎರಡು ದಿನ. ಆ ದಿನಕ್ಕೆ ಮೊದಲ ಅರ್ಜಿ ಪಾಲಿಕೆಗೂ ಪೊಲೀಸರಿಗೂ ಮುಟ್ಟಲಿ. ಹಾಗೆಯೇ ಮುಂದಿನ ಕಾರ್ಯಕ್ರಮದಿಂದ, ಸಭಾಭವನದ ಆವರಣದಲ್ಲಿ ಬಾಗಿಲಿಗೆ ಅತಿ ಹತ್ತಿರದ ಎರಡು ಜಾಗಗಳನ್ನು ಅಂಗವಿಕಲರಿಗಾಗಿ ಬಿಡುವ ಪದ್ಧತಿ ಆಗಲಿ. ಈಗ ಅಲ್ಲಿ ಅತಿಥಿಗಳ ಕಾರು ನಿಲ್ಲುತ್ತದೆ. ನಮ್ಮ ಅತಿಥಿಗಳು ದೊಡ್ಡ ಮನಸ್ಸಿನವರು. ಐವತ್ತು ಹೆಜ್ಜೆ ನಡೆದು ಬಂದರೆ ಬೇಸರಿಸಲಾರರು.

ಪರವೂರಿಗೆ ಮೊದಲು ಬಂದಾಗ ನಮ್ಮ ಹಿರಿಯರಿಗೆ ಬೇಕಾಗಿದ್ದದ್ದೂ ಒಂದಿಷ್ಟು ಎಡೆಯೇ. ಚಾಳಿನ ಕೋಣೆಯಲ್ಲಿ ಒಂದು ಚಾಪೆಯ ಜಾಗವನ್ನು ಊರಿನವನೊಬ್ಬ ಸರಿದು ಕೊಟ್ಟದ್ದರಿಂದ ಎಷ್ಟೋ ಮನೆತನಗಳು ಇಲ್ಲಿ ಬೇರೂರಿದವು. ಸರಿದು ಜಾಗ ಕೊಡುವುದು ನಮಗೆ ಹೊಸ ಪಾಠವಲ್ಲ. ಅದನ್ನು ಬೀದಿಯಲ್ಲಿಯೂ ಮಾಡೋಣ ಎಂದಷ್ಟೇ ನನ್ನ ಅರಿಕೆ.